ಇಳಿಜಾರಿನ ಗೋಲಿ

ಬಯಾಲಜಿ ಫಾರ್ ಎಂಜಿನಿಯರ್ಸ್ ಅನ್ನೋ ಪೇಪರನ್ನ ನಮ್ಮಲ್ಲಿ ಎಷ್ಟು ಜನ ಸೀರಿಯಸ್ಸಾಗಿ ಓದ್ತಾರೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಹಿಂದಿನ ರಾತ್ರಿ ಸೀನಿಯರ್ ನೋಟ್ಸಿನ ಜೆರಾಕ್ಸು, ಬೆಳಗ್ಗೆ ಪರೀಕ್ಷೆ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲಾ ಖಾಲಿ. ನಾವೂ ಅದೇ ಜಾತಿ. ಆದರೆ ಹೋದ ಸೆಮ್‌ನಲ್ಲಿ ಒಂದು ಘಟನೆ ಆಯ್ತು. ನಮ್ಮ ಹಾಸ್ಟೆಲ್ ವಿಂಗ್‌ನ ಒಬ್ಬ ಗೆಳೆಯ ನಿದ್ದೆ ಬಿಟ್ಟ, ಊಟ ಬಿಟ್ಟ, ಕೊನೆಗೆ ಕ್ಲಾಸೂ ಬಿಟ್ಟು ಊರಿಗೆ ಹೋದ. ಡಾಕ್ಟರು ಖಿನ್ನತೆ ಅಂದರು, ಮಾತ್ರೆ ಕೊಟ್ಟರು. ಅವನನ್ನ ನೋಡೋಕೆ ಅಂತ ಊರಿಗೆ ಹೋದಾಗ ಮನೆಯ ಹಿರಿಯರೊಬ್ಬರು, ಅವನ ಎದುರಿಗೇ, ಇದು ಅವರ ಅಮ್ಮನ ಕಡೆಯಿಂದ ಬಂದಿದ್ದು, ರಕ್ತದಲ್ಲೇ ಇದೆ, ಏನೂ ಮಾಡೋಕಾಗಲ್ಲ ಅಂತ ಹೇಳಿಬಿಟ್ಟರು. ಅವನ ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದರು. ಅವತ್ತು ಬಸ್ಸಿನಲ್ಲಿ ವಾಪಸ್ ಬರ್ತಾ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ರಕ್ತದಲ್ಲೇ ಇದೆ ಅನ್ನೋದು ನಿಜವಾ ಅಂತ ಹುಡುಕ್ತಾ ಹೋದಾಗ ಎಪಿಜೆನೆಟಿಕ್ಸ್ ಅನ್ನೋ ಪದ ಸಿಕ್ತು. ಆ ಪದದ ಹಿಂದೆ ಹೋದಾಗ ಒಂದು ಚಿತ್ರ ಸಿಕ್ತು. ಒಂದು ಬೆಟ್ಟದ ಇಳಿಜಾರು, ತುದಿಯಲ್ಲಿ ಒಂದು ಗೋಲಿ, ಕೆಳಗೆ ಕವಲೊಡೆದು ಹೋಗುವ ಕಣಿವೆಗಳು. ಆ ಚಿತ್ರದ ಹಿಂದೆ ಹೋದಾಗ ಸಿಕ್ಕಿದ್ದು ಕಾನ್ರಾಡ್ ಹಾಲ್ ವಾಡಿಂಗ್ಟನ್ ಅನ್ನೋ ಮನುಷ್ಯ. ಮೊದಲು ಮಿದುಳಿನ ಬಗ್ಗೆ ಬರೆಯೋಣ ಅಂತಿದ್ದ ನಾವು ಕೊನೆಗೆ ಇವರ ಕಥೆ ಬರೀತಿದ್ದೀವಿ. ಮಿದುಳು ಕೊನೆಯಲ್ಲಿ ಬರುತ್ತೆ, ಸ್ವಲ್ಪ ತಾಳ್ಮೆ ಇರಲಿ.

ವಾಡಿಂಗ್ಟನ್ ಹುಟ್ಟಿದ್ದು 1905ರ ನವೆಂಬರ್ 8ರಂದು, ಇಂಗ್ಲೆಂಡಿನ ಈವ್‌ಶಮ್ ಎಂಬ ಊರಲ್ಲಿ. ಆದರೆ ಮಗುವಾಗಿದ್ದಾಗ ಬೆಳೆದಿದ್ದು ನಮ್ಮ ಪಕ್ಕದಲ್ಲೇ. ಅಪ್ಪ ದಕ್ಷಿಣ ಭಾರತದಲ್ಲಿ ಟೀ ಎಸ್ಟೇಟ್ ನೋಡಿಕೊಳ್ಳುತ್ತಿದ್ದರು, ವಯನಾಡಿನಲ್ಲಿ. ನಾವು ಗುಂಡ್ಲುಪೇಟೆ ದಾಟಿ, ಕಾಡು ದಾಟಿ ವೀಕೆಂಡ್ ಟ್ರಿಪ್ ಹೋಗ್ತೀವಲ್ಲ, ಅದೇ ವಯನಾಡು. ಆಗ ಅದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಆ ಕಾಲದ ಬ್ರಿಟಿಷ್ ಕುಟುಂಬಗಳಲ್ಲಿ ಒಂದು ಪದ್ಧತಿ ಇತ್ತು: ಮಕ್ಕಳು ಸ್ವಲ್ಪ ದೊಡ್ಡವರಾದ ಕೂಡಲೇ ಇಂಗ್ಲೆಂಡಿಗೆ ಕಳಿಸಿಬಿಡೋದು. ಈ ಹುಡುಗನನ್ನೂ ನಾಲ್ಕು ವರ್ಷಕ್ಕೇ ಕಳಿಸಿದರು. ಅಜ್ಜಿ, ಚಿಕ್ಕಮ್ಮ, ಚಿಕ್ಕಪ್ಪ ಅಂತ ಅಲ್ಲಿನ ಬಂಧುಗಳ ಮನೆಯಲ್ಲಿ ಬೆಳೆದ. ಅಪ್ಪ ಅಮ್ಮ ಭಾರತದಲ್ಲೇ ಉಳಿದರು, 1928ರವರೆಗೂ. ಅಷ್ಟೊತ್ತಿಗೆ ಮಗನಿಗೆ 22 ತುಂಬಿ ಮದುವೆಯೂ ಆಗಿತ್ತು.

ಈ ವಿಷಯ ಓದಿದಾಗ ನಮಗೆ ಒಂದು ಆಸೆ ಆಯ್ತು. ಬಾಲ್ಯದಲ್ಲಿ ತಾಯಿಯಿಂದ ದೂರವಾದರೆ ಮಿದುಳಿನ ಡಿಎನ್ಎ ಮೇಲೆ ಗುರುತು ಬೀಳುತ್ತಾ ಅಂತ ಇವತ್ತು ಎಪಿಜೆನೆಟಿಕ್ಸ್‌ನವರು ಹುಡುಕ್ತಾರೆ. ಆ ಪದ ಕೊಟ್ಟವರೇ ನಾಲ್ಕು ವರ್ಷಕ್ಕೆ ತಾಯಿಯಿಂದ ದೂರವಾದವರು. ಎಷ್ಟು ಚೆನ್ನಾಗಿ ಹೊಂದುತ್ತೆ ಅಲ್ವಾ! ಆದರೆ ಹೊಂದುತ್ತೆ ಅಂದ ಮಾತ್ರಕ್ಕೆ ಅದು ಕಾರಣ ಆಗಲ್ಲ. ಅವರ ಮಿದುಳಲ್ಲಿ ಏನು ಗುರುತಿತ್ತು ಅಂತ ಯಾರೂ ನೋಡಿಲ್ಲ. ಅದಕ್ಕೇ ಆ ದಾರೀನ ಅಲ್ಲೇ ಬಿಟ್ಟು ಮುಂದೆ ಹೋಗ್ತೀವಿ.

ಹುಡುಗನಿಗೆ ಸಿಕ್ಕ ಅದೃಷ್ಟ ಅಂದ್ರೆ ಡಾ. ಡೋಗ್ ಅನ್ನೋ ದೂರದ ಸಂಬಂಧಿ. ಔಷಧಿ ಅಂಗಡಿ ಇಟ್ಟಿದ್ದ ಮುದುಕ. ಹುಡುಗ ಅವರನ್ನ ತಾತ ಅಂತಲೇ ಕರೀತಿದ್ದ. ರಸಾಯನಶಾಸ್ತ್ರದಿಂದ ಹಿಡಿದು ಭೂವಿಜ್ಞಾನದವರೆಗೆ ಎಲ್ಲದರ ರುಚಿ ಹತ್ತಿಸಿದ್ದು ಆ ತಾತ. ಹುಡುಗನಿಗೆ ಕಲ್ಲಾಗಿಹೋದ ಹಳೇ ಶಂಖ, ಅಂದರೆ ಅಮೋನೈಟ್ ಎಂಬ ಪಳೆಯುಳಿಕೆಗಳ ಹುಚ್ಚು ಹಿಡೀತು. ಕ್ಲಿಫ್ಟನ್ ಕಾಲೇಜಿನಲ್ಲಿ ಶಾಲೆ ಮುಗಿಸಿ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿದರು. 1926ರಲ್ಲಿ ಡಿಗ್ರಿ ಬಂದಿದ್ದು ಭೂವಿಜ್ಞಾನದಲ್ಲಿ, ಅದೂ ಫಸ್ಟ್ ಕ್ಲಾಸ್. ಆಮೇಲೆ ಅಮೋನೈಟ್ ಮೇಲೆ ಪಿಎಚ್‌ಡಿ ಶುರು ಮಾಡಿ ಮಧ್ಯದಲ್ಲೇ ಬಿಟ್ಟರು. ಬ್ರಾಂಚ್ ತಪ್ಪಾಗಿ ತಗೊಂಡ್ವಿ ಅಂತ ಕೊರಗುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಆಧುನಿಕ ಜೀವಶಾಸ್ತ್ರಕ್ಕೆ ಇಷ್ಟು ದೊಡ್ಡ ಪದ ಕೊಟ್ಟವರ ಡಿಗ್ರಿ ಕಲ್ಲಿನದು ಅಂತ ತಿಳ್ಕೊಂಡಿರಿ.

ಕೇಂಬ್ರಿಡ್ಜಿನಲ್ಲಿ ಗೆಳೆಯರೆಲ್ಲ ಇವರನ್ನ ವಾಡ್ ಅಂತ ಕರೀತಿದ್ದರು. ವೈಟ್‌ಹೆಡ್ ಎಂಬ ತತ್ತ್ವಜ್ಞಾನಿಯ ಪುಸ್ತಕಗಳನ್ನ ಗಂಟೆಗಟ್ಟಲೆ ಓದ್ತಿದ್ದರು. ಜಗತ್ತು ವಸ್ತುಗಳಿಂದ ಆಗಿಲ್ಲ, ನಡೀತಾ ಇರುವ ಕ್ರಿಯೆಗಳಿಂದ ಆಗಿದೆ ಅನ್ನೋದು ಅವನ ವಾದ. ನಮಗೆ ಪೂರ್ತಿ ಅರ್ಥ ಆಗಿದೆ ಅಂತ ಸುಳ್ಳು ಹೇಳಲ್ಲ. ಆದರೆ ವಾಡ್ ಮುಂದೆ ಮಾಡಿದ ಎಲ್ಲ ಕೆಲಸದಲ್ಲೂ ಈ ನೆರಳು ಕಾಣುತ್ತೆ. ಇದರ ಜೊತೆಗೆ ಮಾರಿಸ್ ಡ್ಯಾನ್ಸ್ ಹುಚ್ಚು ಬೇರೆ. ಅದು ಇಂಗ್ಲೆಂಡಿನ ಜಾನಪದ ಕುಣಿತ. ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು. ನಮ್ಮ ಕೋಲಾಟ ನೋಡಿದವರಿಗೆ ಸ್ವಲ್ಪ ಅಂದಾಜಾಗುತ್ತೆ.

1930ರ ಸುಮಾರಿಗೆ ಅವರು ಕೇಂಬ್ರಿಡ್ಜಿನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯ ಸೇರಿ ಕೋಳಿ ಭ್ರೂಣಗಳ ಮೇಲೆ ಕೆಲಸ ಶುರು ಮಾಡಿದರು. ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. 1924ರಲ್ಲಿ ಜರ್ಮನಿಯಲ್ಲಿ ಹಾನ್ಸ್ ಸ್ಪೆಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಒಂದು ಪ್ರಯೋಗ ಪ್ರಕಟಿಸಿದ್ದರು. ನ್ಯೂಟ್ ಅನ್ನೋ ಹಲ್ಲಿಯಂಥ ಉಭಯಚರದ ಭ್ರೂಣದಿಂದ ಒಂದು ಚೂರು ಕತ್ತರಿಸಿ ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದರೆ, ಅಲ್ಲಿ ಎರಡನೇ ಬೆನ್ನುಹುರಿ, ಎರಡನೇ ಮಿದುಳು ಬೆಳೆಯೋಕೆ ಶುರುವಾಗುತ್ತೆ! ಆ ಚೂರಿಗೆ ಆರ್ಗನೈಸರ್ ಅಂತ ಹೆಸರು. ಪ್ರಬಂಧ ಪ್ರಕಟವಾದ ವರ್ಷವೇ ಹಿಲ್ಡೆ ಮನೆಯಲ್ಲಿ ಗ್ಯಾಸ್ ಹೀಟರ್ ಅಪಘಾತದಲ್ಲಿ ಸುಟ್ಟು ತೀರಿಕೊಂಡರು. ವಯಸ್ಸು ಬರೀ 25. ಸ್ಪೆಮನ್‌ಗೆ 1935ರಲ್ಲಿ ನೊಬೆಲ್ ಬಂತು. ಹಿಲ್ಡೆ ಹೆಸರು ನಮ್ಮ ನೋಟ್ಸಿನಲ್ಲಿ ಇಲ್ಲ, ಅದಕ್ಕೇ ಇಲ್ಲಿ ಬರೆದ್ವಿ.

ನ್ಯೂಟ್‌ನಲ್ಲಿ ಇರೋದು ಹಕ್ಕಿಯಲ್ಲೂ ಇದೆ ಅಂತ ತೋರಿಸಿದ್ದು ವಾಡಿಂಗ್ಟನ್. ಆಮೇಲೆ ಜೋಸೆಫ್ ನೀಡಮ್, ಜಾನ್ ಬ್ರಾಶೆ ಜೊತೆ ಸೇರಿ ಆರ್ಗನೈಸರ್ ಒಳಗಿರುವ ರಾಸಾಯನಿಕ ಯಾವುದು ಅಂತ ಬೆನ್ನು ಹತ್ತಿದರು. ಫಲಿತಾಂಶ ವಿಚಿತ್ರವಾಗಿತ್ತು. ಸತ್ತುಹೋದ ಆರ್ಗನೈಸರ್ ಚೂರು ಇಟ್ಟರೂ ನರದ ಅಂಗಾಂಶ ಬೆಳೆಯುತ್ತಿತ್ತು. ಕೊನೆಗೆ ಮೀಥಿಲೀನ್ ಬ್ಲೂ ಅನ್ನೋ ಬಣ್ಣದ ಪುಡಿ ಇಟ್ಟರೂ ಬೆಳೀತು! ಲ್ಯಾಬಿನ ನೀಲಿ ಬಣ್ಣದಲ್ಲಿ ಮಿದುಳು ಕಟ್ಟುವ ಮಾಹಿತಿ ಎಲ್ಲಿಂದ ಬರಬೇಕು? ಬಹಳ ಜನ ಇದನ್ನ ಸೋಲು ಅಂತ ತಿಳಿದು ಬೇರೆ ಕೆಲಸಕ್ಕೆ ಹೋದರು. ವಾಡಿಂಗ್ಟನ್ ಇದನ್ನ ಉಲ್ಟಾ ಓದಿದರು. ಹೊರಗಿಂದ ಬಂದದ್ದು ಬರೀ ಸ್ವಿಚ್ ಒತ್ತಿದೆ. ಉತ್ತರ ಇರೋದು ಸ್ವಿಚ್‌ನಲ್ಲಲ್ಲ, ವೈರಿಂಗ್‌ನಲ್ಲಿ. ಅಂದರೆ ಭ್ರೂಣದ ಕೋಶದೊಳಗೆ, ಅದರ ಜೀನ್‌ಗಳ ಜಾಲದಲ್ಲಿ.

ಆಗಿನ ಕಾಲಕ್ಕೆ ಭ್ರೂಣ ನೋಡುವವರು ಬೇರೆ, ಜೀನ್ ನೋಡುವವರು ಬೇರೆ. ಮೆಕ್ಯಾನಿಕಲ್ ಬ್ಲಾಕ್ ಮತ್ತು ಸಿಎಸ್ ಬ್ಲಾಕ್ ಇದ್ದ ಹಾಗೆ, ಒಬ್ಬರ ಕ್ಯಾಂಟೀನಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ವಾಡಿಂಗ್ಟನ್ 1930ರ ದಶಕದ ಕೊನೆಗೆ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ, ಹಣ್ಣಿನ ನೊಣಗಳ ಲ್ಯಾಬಿನಲ್ಲಿ ಕೂತು, ಜೀನ್ ಬದಲಾದರೆ ನೊಣದ ರೆಕ್ಕೆ ಬೆಳೆಯುವ ಹಂತಗಳಲ್ಲಿ ಏನೇನು ಬದಲಾಗುತ್ತೆ ಅಂತ ನೋಡಿದರು. 1940ರಲ್ಲಿ ಬಂದ ಅವರ ಪುಸ್ತಕದ ಹೆಸರೇ ಆರ್ಗನೈಸರ್ಸ್ ಅಂಡ್ ಜೀನ್ಸ್. ಎರಡೂ ಬ್ಲಾಕ್ ಒಂದೇ ಹೆಸರಿನಲ್ಲಿ. ಆ ಪುಸ್ತಕದ ಮೊದಲ ಪುಟಕ್ಕೆ ಜಾನ್ ಪೈಪರ್ ಎಂಬ ಚಿತ್ರಕಾರ ಒಂದು ನದಿಯ ಚಿತ್ರ ಬರೆದುಕೊಟ್ಟಿದ್ದರು. ಮುಂದೆ ಬರುವ ಗೋಲಿಯ ಅಜ್ಜ ಅಂದ್ಕೊಳ್ಳಿ.

ಪದ ಹುಟ್ಟಿದ್ದು 1942ರಲ್ಲಿ. ಎಪಿಜೆನಿಸಿಸ್ ಅಂತ ಹಳೆಯ ಪದ ಒಂದಿತ್ತು. ಮೊಟ್ಟೆಯೊಳಗೆ ಪುಟಾಣಿ ಕೋಳಿ ಮೊದಲೇ ಕೂತಿರಲ್ಲ, ಅದು ಹಂತ ಹಂತವಾಗಿ ರೂಪ ತಾಳುತ್ತೆ ಅನ್ನೋ ವಿಚಾರ ಅದು. ಅದಕ್ಕೆ ಜೆನೆಟಿಕ್ಸ್ ಸೇರಿಸಿ ಎಪಿಜೆನೆಟಿಕ್ಸ್ ಅಂದರು. ಜೀನ್‌ನಿಂದ ಹಿಡಿದು ಪೂರ್ತಿ ಜೀವಿಯಾಗುವವರೆಗೆ ಮಧ್ಯದಲ್ಲಿ ನಡೆಯುವ ಎಲ್ಲ ಗಲಾಟೆಯ ಅಧ್ಯಯನ ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು. ನೆನಪಿರಲಿ, ಜೀನ್ ಡಿಎನ್ಎಯಿಂದ ಆಗಿದೆ ಅನ್ನೋದಕ್ಕೆ ಮೊದಲ ಗಟ್ಟಿ ಪುರಾವೆ ಬಂದಿದ್ದು 1944ರಲ್ಲಿ. ಡಬಲ್ ಹೆಲಿಕ್ಸ್ ಬಂದಿದ್ದು 1953ರಲ್ಲಿ. ಹಾರ್ಡ್‌ವೇರ್ ಯಾವುದು ಅಂತಲೇ ಗೊತ್ತಿಲ್ಲದಾಗ ಈ ಮನುಷ್ಯ ಸಾಫ್ಟ್‌ವೇರ್ ಬಗ್ಗೆ ಯೋಚಿಸ್ತಿದ್ದರು.

ಅದೇ ವರ್ಷ ಅವರು ಯುದ್ಧದ ಕೆಲಸಕ್ಕೂ ಹೋದರು. ಇಲ್ಲಿಂದ ಕಥೆ ನಮ್ಮ ಏರಿಯಾಗೆ ಬರುತ್ತೆ! ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡ್ ಅಂತ ಒಂದು ವಿಭಾಗ. ಅಟ್ಲಾಂಟಿಕ್‌ನಲ್ಲಿ ಹಡಗು ಮುಳುಗಿಸುತ್ತಿದ್ದ ಜರ್ಮನ್ ಯು-ಬೋಟ್‌ಗಳನ್ನ ವಿಮಾನದಿಂದ ಹುಡುಕಿ ಹೊಡೆಯೋದು ಅವರ ಕೆಲಸ. ಅಲ್ಲಿನ ಆಪರೇಷನಲ್ ರಿಸರ್ಚ್ ತಂಡಕ್ಕೆ ವಾಡಿಂಗ್ಟನ್ ಸೇರಿದರು, 1944ರಲ್ಲಿ ಕಮಾಂಡಿನ ವೈಜ್ಞಾನಿಕ ಸಲಹೆಗಾರರೂ ಆದರು. ನಮಗೆ ಓಆರ್ ಅಂದ್ರೆ ಸಿಂಪ್ಲೆಕ್ಸ್ ಮೆಥಡ್, ಟ್ರಾನ್ಸ್‌ಪೋರ್ಟೇಷನ್ ಪ್ರಾಬ್ಲಂ, ಹತ್ತು ಮಾರ್ಕ್ಸ್. ಆ ಸಬ್ಜೆಕ್ಟ್ ಹುಟ್ಟಿದ್ದು ಇಂಥ ಕೊಠಡಿಗಳಲ್ಲಿ. ಕೂತಿದ್ದವರಲ್ಲಿ ಭೌತವಿಜ್ಞಾನಿಗಳಿದ್ದರು, ನೊಣ ಸಾಕುವ ಜೀವವಿಜ್ಞಾನಿಗಳೂ ಇದ್ದರು.

ಆ ತಂಡ ಕಂಡುಹಿಡಿದ ಒಂದು ವಿಷಯಕ್ಕೆ ಇವತ್ತಿಗೂ ಮೇಂಟೆನೆನ್ಸ್ ಎಂಜಿನಿಯರ್‌ಗಳು ವಾಡಿಂಗ್ಟನ್ ಎಫೆಕ್ಟ್ ಅಂತ ಹೇಳ್ತಾರೆ. ಪ್ರತಿ 50 ಗಂಟೆ ಹಾರಾಟಕ್ಕೊಂದು ಸಲ ವಿಮಾನಗಳನ್ನ ಬಿಚ್ಚಿ ತಪಾಸಣೆ ಮಾಡೋ ನಿಯಮ ಇತ್ತು. ತಪಾಸಣೆ ಆದ ಮೇಲೆ ಕೆಟ್ಟುಹೋಗೋದು ಕಡಿಮೆ ಆಗಬೇಕು ತಾನೇ? ಲೆಕ್ಕ ಹಾಕಿ ನೋಡಿದರೆ ಉಲ್ಟಾ. ತಪಾಸಣೆ ಮುಗಿದ ಕೂಡಲೇ ಕೆಡೋದು ಜಾಸ್ತಿ, ಗಂಟೆಗಳು ಕಳೆದ ಹಾಗೆ ನಿಧಾನಕ್ಕೆ ಕಡಿಮೆ ಆಗ್ತಾ ಬರುತ್ತೆ. ಚೆನ್ನಾಗಿದ್ದ ಯಂತ್ರವನ್ನ ಸುಮ್ಸುಮ್ನೆ ಬಿಚ್ಚಿ ಜೋಡಿಸೋದರಿಂದಲೇ ತೊಂದರೆ ಆಗ್ತಿತ್ತು. ತಪಾಸಣೆಯ ಪದ್ಧತಿ ಬದಲಾಯಿಸಿದಾಗ ಅದೇ ವಿಮಾನಗಳು, ಅದೇ ಜನ, ಹಾರಾಟದ ಗಂಟೆ ಮಾತ್ರ ಜಾಸ್ತಿ. ಓಡ್ತಿರೋ ಲ್ಯಾಪ್‌ಟಾಪನ್ನ ಕ್ಲೀನ್ ಮಾಡ್ತೀನಿ ಅಂತ ಬಿಚ್ಚಿ, ಕೊನೆಗೆ ಎರಡು ಸ್ಕ್ರೂ ಕೈಯಲ್ಲಿ ಉಳಿಸ್ಕೊಂಡ ಅನುಭವ ನಮ್ಮಲ್ಲೊಬ್ಬರಿಗಿದೆ. ಹೆಸರು ಬೇಡ. ಯುದ್ಧ ಮುಗಿದ ಕೂಡಲೇ ವಾಡಿಂಗ್ಟನ್ ಇದನ್ನೆಲ್ಲ ಪುಸ್ತಕವಾಗಿ ಬರೆದರು, ಆದರೆ ಗುಟ್ಟಿನ ವಿಷಯ ಆದ್ದರಿಂದ ಅದು ಅಚ್ಚಾಗಿದ್ದು 1973ರಲ್ಲಿ.

1947ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿ ತಳಿವಿಜ್ಞಾನದ ಪ್ರೊಫೆಸರ್ ಆದರು. ಬುಕಾನನ್ ಪೀಠ ಅಂತ ಅದರ ಹೆಸರು. ಈ ಹೆಸರು ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ. ಯುದ್ಧ ಮುಗಿದ ಕಾಲ, ಮನೆ ಸಿಗೋದು ಕಷ್ಟ. ಅದಕ್ಕೆ ಲ್ಯಾಬಿನ ಜನರೆಲ್ಲ ಕುಟುಂಬ ಸಮೇತ ಮಾರ್ಟನ್‌ಹಾಲ್ ಅನ್ನೋ ಒಂದು ದೊಡ್ಡ ಬಂಗಲೆಯಲ್ಲಿ ಒಟ್ಟಿಗೆ ಇರ್ತಿದ್ದರು. ಹಗಲೆಲ್ಲ ಲ್ಯಾಬಿನಲ್ಲಿ ಜಗಳ ಆಡಿದವರ ಮುಖವನ್ನೇ ರಾತ್ರಿ ಊಟಕ್ಕೂ ನೋಡಬೇಕು. ಹಾಸ್ಟೆಲ್‌ನವರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ.

ವಾಡಿಂಗ್ಟನ್ ಅತಿ ಹೆಚ್ಚು ಬೈಸ್ಕೊಂಡ ಪ್ರಯೋಗ ಇಲ್ಲಿಯದು. ಹಣ್ಣಿನ ನೊಣದ ಪ್ಯೂಪಾಗಳನ್ನ ನಾಲ್ಕು ಗಂಟೆ 40 ಡಿಗ್ರಿ ಬಿಸಿಯಲ್ಲಿ ಇಟ್ಟರು. ಹೊರಬಂದ ಕೆಲವು ನೊಣಗಳ ರೆಕ್ಕೆಯಲ್ಲಿ ಒಂದು ಅಡ್ಡ ನರ ಇರಲಿಲ್ಲ. ಅಂಥವುಗಳನ್ನೇ ಆರಿಸಿ ಸಂತಾನ ಬೆಳೆಸಿದರು, ಮತ್ತೆ ಬಿಸಿ, ಮತ್ತೆ ಆಯ್ಕೆ. ಸುಮಾರು ಹದಿನೈದು ತಲೆಮಾರು ಆಗೋ ಹೊತ್ತಿಗೆ, ಬಿಸಿ ತೋರಿಸದೇ ಇದ್ದರೂ ಕೆಲವು ನೊಣಗಳಲ್ಲಿ ಆ ನರ ಕಾಣೆಯಾಗಿತ್ತು! 1953ರಲ್ಲಿ ಇದನ್ನ ಪ್ರಕಟಿಸಿ ಜೆನೆಟಿಕ್ ಅಸಿಮಿಲೇಷನ್ ಅಂತ ಹೆಸರಿಟ್ಟರು. ಬದುಕಿನಲ್ಲಿ ಗಳಿಸಿದ್ದು ಮಕ್ಕಳಿಗೆ ಹೋಗುತ್ತೆ ಅನ್ನೋ ಲಮಾರ್ಕನ ವಾದ ಕೆಟ್ಟ ಹೆಸರು ಮಾಡಿದ್ದ ಕಾಲ ಅದು. ರಷ್ಯಾದಲ್ಲಿ ಲೈಸೆಂಕೋ ಅಂಥದ್ದೇ ಮಾತು ಹೇಳಿ ನಿಜವಾದ ತಳಿವಿಜ್ಞಾನಿಗಳನ್ನ ತುಳೀತಿದ್ದ. ಹಾಗಾಗಿ ವಾಡಿಂಗ್ಟನ್ ಮೇಲೂ ಜನ ಅನುಮಾನದ ಕಣ್ಣು ಇಟ್ಟರು. ಅವರು ಹೇಳಿದ್ದು ಅದಲ್ಲ. ಆ ನರ ಅಳಿಸೋ ಜೀನ್ ವ್ಯತ್ಯಾಸಗಳು ನೊಣಗಳಲ್ಲಿ ಮೊದಲಿಂದಲೂ ಇದ್ದವು, ಆದರೆ ಬೆಳವಣಿಗೆ ಗಟ್ಟಿ ಇರೋದರಿಂದ ಮುಚ್ಚಿಹೋಗಿದ್ದವು. ಬಿಸಿ ಆ ಮುಚ್ಚಳ ತೆಗೀತು, ಆಯ್ಕೆ ಅವನ್ನ ಒಂದೆಡೆ ಕೂಡಿಸ್ತು. ಅಷ್ಟೇ.

ಈ ಗಟ್ಟಿತನವನ್ನ ತೋರಿಸೋಕೇ ಆ ಪ್ರಸಿದ್ಧ ಚಿತ್ರ. 1957ರ ದ ಸ್ಟ್ರಾಟಜಿ ಆಫ್ ದ ಜೀನ್ಸ್ ಪುಸ್ತಕದಲ್ಲಿದೆ. ಬೆಟ್ಟದ ತುದಿಯ ಗೋಲಿ ಅಂದರೆ ಒಂದು ಕೋಶ. ಕೆಳಗೆ ಉರುಳ್ತಾ ಪ್ರತಿ ಕವಲಿನಲ್ಲೂ ಒಂದು ಕಣಿವೆ ಹಿಡಿಯುತ್ತೆ: ಒಂದು ಚರ್ಮ ಆಗುತ್ತೆ, ಒಂದು ಸ್ನಾಯು, ಒಂದು ಮಿದುಳಿನ ನರಕೋಶ. ಸ್ವಲ್ಪ ತಳ್ಳಿದರೆ ಗೋಲಿ ಗೋಡೆ ಹತ್ತಿ ವಾಪಸ್ ಅದೇ ಕಣಿವೆಗೆ ಜಾರುತ್ತೆ. ಜೋರಾಗಿ ತಳ್ಳಿದರೆ ಪಕ್ಕದ ಕಣಿವೆಗೆ ಹೋಗಬಹುದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಸ್ಟೆಬಿಲಿಟಿ ನೆನಪಾದರೆ ಅದು ತಪ್ಪಲ್ಲ, ಅವರ ತಲೆಯಲ್ಲಿದ್ದದ್ದೂ ಹೆಚ್ಚುಕಮ್ಮಿ ಅದೇ. ಮುಂದೆ ರೆನೆ ಥಾಮ್ ಎಂಬ ಫ್ರೆಂಚ್ ಗಣಿತಜ್ಞ ಕಟಾಸ್ಟ್ರಫಿ ಸಿದ್ಧಾಂತದ ಪುಸ್ತಕ ಬರೆದಾಗ ಅದಕ್ಕೆ ಮುನ್ನುಡಿ ಬರೆದವರು ವಾಡಿಂಗ್ಟನ್.

ಬಹಳ ಜನ ನೋಡದೇ ಬಿಡೋ ಎರಡನೇ ಚಿತ್ರವೂ ಅದೇ ಪುಸ್ತಕದಲ್ಲಿದೆ, ಮತ್ತು ನಮಗೆ ಅದೇ ಜಾಸ್ತಿ ಇಷ್ಟ. ಅದರಲ್ಲಿ ನಾವು ಬೆಟ್ಟದ ಕೆಳಗೆ ಹೋಗಿ ಮೇಲೆ ನೋಡ್ತೀವಿ. ಬೆಟ್ಟ ಅಂದುಕೊಂಡಿದ್ದು ಗಟ್ಟಿ ಮಣ್ಣಲ್ಲ, ಡೇರೆಯ ಬಟ್ಟೆ ಥರ. ನೆಲದಲ್ಲಿ ಗೂಟಗಳು, ಗೂಟಗಳಿಂದ ಹಗ್ಗಗಳು, ಹಗ್ಗಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯನ್ನ ಎಳೆದು ಹಿಡಿದಿವೆ. ಗೂಟ ಅಂದರೆ ಜೀನ್. ಒಂದು ಗೂಟ ಕಿತ್ತರೂ ಡೇರೆ ಪೂರ್ತಿ ಬೀಳೋದಿಲ್ಲ, ಬೇರೆ ಹಗ್ಗಗಳು ಭಾರ ಹಂಚ್ಕೊಳ್ತವೆ. ಯಾವ ಕಣಿವೆಯೂ ಒಂದೇ ಗೂಟದ ಕೆಲಸ ಅಲ್ಲ. ಗೆಳೆಯನ ಮನೆಯಲ್ಲಿ ಕೇಳಿದ ಆ ರಕ್ತದ ಮಾತಿಗೆ ನಮಗೆ ಮೊದಲು ಸಿಕ್ಕ ಉತ್ತರ ಇದು.

ವಾಡಿಂಗ್ಟನ್ ಮನೆಯ ಕಥೆ ಒಂದೆರಡು ಸಾಲು. ಮೊದಲ ಮದುವೆ ಮುರಿದು 1936ರಲ್ಲಿ ಜಸ್ಟಿನ್ ಬ್ಲಾಂಕೋ ವೈಟ್ ಎಂಬ ಆರ್ಕಿಟೆಕ್ಟ್ ಜೊತೆ ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಕ್ಯಾರೊಲಿನ್ ಹಂಫ್ರಿ, ಮಂಗೋಲಿಯಾದ ಜನಜೀವನ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ. ಇನ್ನೊಬ್ಬರು ಡೂಸಾ ಮೆಕ್‌ಡಫ್, ಜ್ಯಾಮಿತಿಯಲ್ಲಿ ಜಗತ್ತಿನ ದೊಡ್ಡ ಹೆಸರು. ವಾಡಿಂಗ್ಟನ್‌ಗೆ ಚಿತ್ರಕಲೆಯ ಹುಚ್ಚೂ ಇತ್ತು, 1969ರಲ್ಲಿ ಆಧುನಿಕ ಚಿತ್ರಕಲೆ ಮತ್ತು ವಿಜ್ಞಾನದ ಸಂಬಂಧದ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದರು.

ಆದರೆ ವಿಜ್ಞಾನದಲ್ಲಿ ಗಾಳಿ ಬೇರೆ ಕಡೆ ಬೀಸ್ತಿತ್ತು. ಡಬಲ್ ಹೆಲಿಕ್ಸ್ ಬಂದ ಮೇಲೆ ಎಲ್ಲರ ಗಮನ ಅಣುಗಳ ಮೇಲೆ, ಅದೂ ಬ್ಯಾಕ್ಟೀರಿಯಾದ ಅಣುಗಳ ಮೇಲೆ. ಬೆಟ್ಟ, ಗೋಲಿ, ಡೇರೆ ಇವೆಲ್ಲ ಚಂದದ ಚಿತ್ರ ಸರಿ, ಅಳೆಯೋದು ಹೇಗೆ ಅಂತ ಜನ ಕೇಳಿದರು. ಆ ಪ್ರಶ್ನೆ ತಪ್ಪು ಅಂತ ನಾವು ಹೇಳಲ್ಲ. ವಾಡಿಂಗ್ಟನ್ ಹತ್ತಿರ ಅದಕ್ಕೆ ಉತ್ತರವೂ ಇರಲಿಲ್ಲ. 1975ರ ಸೆಪ್ಟೆಂಬರ್ 26ರಂದು ಎಡಿನ್‌ಬರ್ಗ್‌ನಲ್ಲಿ ತೀರಿಕೊಂಡರು. ಆಗ ಎಪಿಜೆನೆಟಿಕ್ಸ್ ಅನ್ನೋದು ಲೈಬ್ರರಿಯ ಮೂಲೆಯಲ್ಲಿ ಧೂಳು ಹಿಡಿದ ಪದ.

ಈಗ ತಮಾಷೆ ನೋಡಿ. ಅದೇ 1975ರಲ್ಲಿ ಇಂಗ್ಲೆಂಡಿನಲ್ಲಿ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಅಮೆರಿಕದಲ್ಲಿ ಆರ್ಥರ್ ರಿಗ್ಸ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ವಿಚಾರ ಪ್ರಕಟಿಸಿದರು. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಸಿ ಅಂದರೆ ಸೈಟೊಸಿನ್. ಅದಕ್ಕೆ ಮೀಥೈಲ್ ಅನ್ನೋ ಪುಟ್ಟ ಗುಂಪು ಅಂಟಿಕೊಳ್ಳಬಹುದು, ಒಂದು ಕಾರ್ಬನ್ನು, ಮೂರು ಹೈಡ್ರೋಜನ್. ಅಕ್ಷರ ಬದಲಾಗೋದಿಲ್ಲ, ಆದರೆ ಆ ಜಾಗದ ಜೀನ್ ಓದಿಸ್ಕೊಳ್ಳುತ್ತಾ ಇಲ್ವಾ ಅನ್ನೋದು ಬದಲಾಗಬಹುದು. ಕೋಶ ಎರಡಾದಾಗ ಈ ಗುರುತೂ ನಕಲಾಗುತ್ತೆ. ಕೋಡ್ ಬರೆಯುವವರಿಗೆ ಹೇಳೋದಾದರೆ ಸಾಲನ್ನ ಅಳಿಸಿಲ್ಲ, ಕಾಮೆಂಟ್ ಮಾಡಿ ಬಿಟ್ಟಿದ್ದಾರೆ. ಪೂರ್ತಿ ಸರಿ ಹೋಲಿಕೆ ಅಲ್ಲ, ಯಾಕಂದ್ರೆ ಕೆಲವು ಕಡೆ ಮೀಥೈಲ್ ಇದ್ದರೂ ಜೀನ್ ಜೋರಾಗೇ ಓಡುತ್ತೆ. ಆದರೂ ಗೋಲಿ ಒಂದು ಕಣಿವೆಗೆ ಬಿದ್ದ ಮೇಲೆ ಅಲ್ಲೇ ಹೇಗೆ ಉಳಿಯುತ್ತೆ ಅನ್ನೋದಕ್ಕೆ ಕೊನೆಗೂ ಒಂದು ಅಳೆಯಬಹುದಾದ ವಸ್ತು ಸಿಕ್ತು. ವಾಡಿಂಗ್ಟನ್ ಪದಕ್ಕೆ ಹೊಸ ಅರ್ಥ ಅಂಟಿಕೊಂಡಿದ್ದು ಇಲ್ಲಿಂದ. ಅವರು ಹೇಳಿದ್ದಕ್ಕಿಂತ ಇದು ಸಣ್ಣ ಅರ್ಥ. ಅವರದು ಪೂರ್ತಿ ಡೇರೆ, ಇದು ಹಗ್ಗದ ಒಂದು ಗಂಟು.

ಮಿದುಳಿನ ಮಾತಿಗೆ ಬಂದ್ವಿ. ನರಕೋಶಗಳು ಒಮ್ಮೆ ರೂಪುಗೊಂಡ ಮೇಲೆ ಮತ್ತೆ ವಿಭಜನೆ ಆಗಲ್ಲ. ಹಾಗಾಗಿ ಅಲ್ಲಿನ ಮೀಥೈಲ್ ಗುರುತುಗಳೂ ಸುಮ್ಮನೆ ಕೂತಿರ್ತವೆ ಅಂತ ಅಂದುಕೊಳ್ಳಬಹುದು. ಹಾಗಿಲ್ಲ. ಹುಟ್ಟಿದ ಮೇಲೆ, ಮಗು ನೋಡೋದು, ನಡೆಯೋದು, ಮಾತಾಡೋದು ಕಲಿಯುವ ವರ್ಷಗಳಲ್ಲಿ ಮನುಷ್ಯನ ನರಕೋಶಗಳ ಡಿಎನ್ಎ ಮೇಲೆ ಹೊಸ ಬಗೆಯ ಮೀಥೈಲ್ ಗುರುತುಗಳು ರಾಶಿ ರಾಶಿ ಸೇರ್ತವೆ ಅಂತ 2013ರಲ್ಲಿ ಗೊತ್ತಾಯ್ತು. ಬೇರೆ ಅಂಗಾಂಶಗಳಲ್ಲಿ ಇದು ಹೀಗೆ ಕಾಣಲ್ಲ.

ಮನೋರೋಗಗಳಲ್ಲಿ ಇದರ ಪಾತ್ರ ಏನು ಅಂತ ಹುಡುಕೋಕೆ ಕಾರಣ ಇದೆ. ಸ್ಕಿಜೋಫ್ರೇನಿಯಾದಲ್ಲಿ ಜೀನ್‌ಗಳ ಪಾಲು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದೇ ಡಿಎನ್ಎ ಇರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರೋದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ. 1944-45ರ ಚಳಿಗಾಲದಲ್ಲಿ, ವಾಡಿಂಗ್ಟನ್ ಕೋಸ್ಟಲ್ ಕಮಾಂಡಿನಲ್ಲಿದ್ದ ಹೊತ್ತಿಗೇ, ಪಕ್ಕದ ನೆದರ್‌ಲೆಂಡ್ಸ್‌ನಲ್ಲಿ ಜರ್ಮನ್ನರು ಆಹಾರ ತಡೆದು ಭೀಕರ ಬರಗಾಲ ಆಯ್ತು. ಆಗ ಗರ್ಭದಲ್ಲಿ ಮೊದಲ ತಿಂಗಳು ಕಳೆದ ಮಕ್ಕಳಿಗೆ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ಹೆಚ್ಚುಕಮ್ಮಿ ಎರಡು ಪಟ್ಟು ಇತ್ತು. 2008ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ, ಆ ಬರದಲ್ಲಿ ಗರ್ಭದಲ್ಲಿದ್ದವರ ರಕ್ತ ಪರೀಕ್ಷೆ ಮಾಡಿದಾಗ ಬೆಳವಣಿಗೆಯ ಒಂದು ಜೀನ್ ಮೇಲೆ ಅವರ ಒಡಹುಟ್ಟಿದವರಿಗಿಂತ ಮೀಥೈಲ್ ಕಡಿಮೆ ಇತ್ತು. ಆದರೆ ಈ ಗುರುತೇ ಆ ಕಾಯಿಲೆಗೆ ಕಾರಣ ಅಂತ ಯಾರೂ ತೋರಿಸಿಲ್ಲ. ಎರಡನ್ನ ಜೋಡಿಸಿ ಓದೋದು ಬಹಳ ಸುಲಭ, ಅಲ್ಲೇ ಜನ ಜಾರೋದು.

2004ರಲ್ಲಿ ಕೆನಡಾದ ಮೈಕಲ್ ಮೀನಿ, ಮೋಶೆ ಸಿಫ್ ತಂಡ ಇಲಿಗಳಲ್ಲಿ ತೋರಿಸಿದ್ದು ಇನ್ನೊಂದು. ತಾಯಿ ಇಲಿ ಮರಿಗಳನ್ನ ಚೆನ್ನಾಗಿ ನೆಕ್ಕಿ ಸಾಕಿದರೆ, ಒತ್ತಡದ ಹಾರ್ಮೋನಿಗೆ ಕಡಿವಾಣ ಹಾಕೋ ಒಂದು ಜೀನ್ ಮೇಲೆ ಮರಿಯ ಮಿದುಳಿನಲ್ಲಿ ಮೀಥೈಲ್ ಕಡಿಮೆ. ತಾಯಿಯರನ್ನ ಅದಲು ಬದಲು ಮಾಡಿದರೆ ಗುರುತೂ ಸಾಕಿದ ತಾಯಿಯ ಪ್ರಕಾರ ಬದಲಾಯ್ತು. 2009ರಲ್ಲಿ ಅದೇ ಗುಂಪು ಆತ್ಮಹತ್ಯೆಯಿಂದ ಸತ್ತವರ ಮಿದುಳುಗಳಲ್ಲಿ ನೋಡಿದಾಗ, ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಆ ಜೀನ್ ಮೇಲೆ ಮೀಥೈಲ್ ಜಾಸ್ತಿ ಇತ್ತು. ಪೇಪರ್‌ಗಳಲ್ಲಿ ಇದು ದೊಡ್ಡ ಸುದ್ದಿ. ಅದರಲ್ಲಿದ್ದದ್ದು ಮಾತ್ರ ಮೂರು ಗುಂಪು, ಗುಂಪಿಗೆ 12 ಮಿದುಳು. ನಮ್ಮ ಮಿನಿ ಪ್ರಾಜೆಕ್ಟಿಗೂ ಗೈಡ್ ಇದಕ್ಕಿಂತ ಜಾಸ್ತಿ ಡೇಟಾ ಕೇಳ್ತಾರೆ. ತಪ್ಪು ವಿಜ್ಞಾನಿಗಳದ್ದಲ್ಲ. ಬದುಕಿರುವವರ ಮಿದುಳನ್ನ ಬಿಚ್ಚಿ ನೋಡೋಕಾಗಲ್ಲ, ಸತ್ತವರ ಮಿದುಳು ಸುಲಭಕ್ಕೆ ಸಿಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬ್ರೇನ್ ಬ್ಯಾಂಕ್ ಇದೆ, ಪಕ್ಕದಲ್ಲಿ ಮಿದುಳಿನ ಮ್ಯೂಸಿಯಂ ಕೂಡ. ಅಲ್ಲಿ ನಿಜವಾದ ಮಿದುಳನ್ನ ಕೈಯಲ್ಲಿ ಹಿಡಿದು ನೋಡಬಹುದು. ರಕ್ತ ತೆಗೆದು ನೋಡೋಣ ಅಂದರೆ ರಕ್ತದ ಕೋಶ ಬೇರೆ ಕಣಿವೆಯದು, ನರಕೋಶ ಬೇರೆ ಕಣಿವೆಯದು. ಸಿಗರೇಟ್ ಸೇದಿದರೂ ಗುರುತು ಬದಲಾಗುತ್ತೆ, ಮಾತ್ರೆ ತಗೊಂಡರೂ ಬದಲಾಗಬಹುದು. ರೋಗದಿಂದ ಗುರುತಾ, ಗುರುತಿನಿಂದ ರೋಗವಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ಇದರ ಮಧ್ಯೆ ಯೋಚನೆ ಬದಲಿಸಿ, ಡಿಎನ್ಎ ಬದಲಿಸಿ ಅಂತ ರೀಲ್ಸ್ ಮಾಡಿ ಕೋರ್ಸ್ ಮಾರುವವರಿದ್ದಾರೆ. ವಾಡಿಂಗ್ಟನ್ ಪದ ಅವರ ಬಾಯಲ್ಲಿ ನೋಡಿದಾಗ ಸಿಟ್ಟು ಬರುತ್ತೆ.

ಗಟ್ಟಿಯಾಗಿ ಗೊತ್ತಿರೋ ಒಂದು ಕಥೆ ಇದೆ, ಅದು ಮತ್ತೆ ಎಡಿನ್‌ಬರ್ಗ್‌ಗೇ ಬರುತ್ತೆ. ವಾಡಿಂಗ್ಟನ್ ಕೂತಿದ್ದ ಬುಕಾನನ್ ಪೀಠಕ್ಕೆ 1990ರಲ್ಲಿ ಬಂದವರು ಏಡ್ರಿಯನ್ ಬರ್ಡ್. ಮೀಥೈಲ್ ಅಂಟಿದ ಡಿಎನ್ಎಯನ್ನ ಹುಡುಕಿ ಹಿಡಿದುಕೊಳ್ಳುವ ಒಂದು ಪ್ರೋಟೀನನ್ನ ಅವರ ತಂಡ 1992ರಲ್ಲಿ ಕಂಡುಹಿಡೀತು, ಹೆಸರು ಮೆಕ್‌ಪಿ2. ನರಕೋಶಗಳಲ್ಲಿ ಅದು ತುಂಬಿ ತುಳುಕುತ್ತೆ. 1999ರಲ್ಲಿ ಅಮೆರಿಕದ ಹುದಾ ಜೋಗ್ಬಿ ಅವರ ತಂಡ, ಆ ಪ್ರೋಟೀನಿನ ಜೀನ್ ಕೆಟ್ಟರೆ ರೆಟ್ ಸಿಂಡ್ರೋಮ್ ಬರುತ್ತೆ ಅಂತ ತೋರಿಸಿತು. ಇದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಒಂದು ವರ್ಷದ ಆಸುಪಾಸಿನವರೆಗೂ ಮಗು ಎಲ್ಲರಂತೆ ಬೆಳೆಯುತ್ತೆ, ಆಮೇಲೆ ಕಲಿತ ಮಾತು ಹೋಗುತ್ತೆ, ಆಟಿಕೆ ಹಿಡಿಯೋದು ಹೋಗುತ್ತೆ, ಕೈಗಳನ್ನ ಸದಾ ಹಿಂಡುತ್ತಾ ಇರುತ್ತೆ. ಖಿನ್ನತೆ ಥರದ ಮನೋರೋಗ ಅಲ್ಲ ಇದು, ಮಿದುಳಿನ ಬೆಳವಣಿಗೆಯ ತೊಂದರೆ. ಇನ್ನು ಏನೂ ಮಾಡೋಕಾಗಲ್ಲ ಅಂತಲೇ ಬಹಳ ಜನ ನಂಬಿದ್ದರು. 2007ರಲ್ಲಿ ಬರ್ಡ್ ತಂಡ ಆ ಜೀನ್ ಮುಚ್ಚಿದ ಇಲಿಗಳನ್ನ ಬೆಳೆಸಿತು. ಇಲಿಗಳು ನಡುಗ್ತಿದ್ದವು, ನಡೆಯೋಕಾಗದೆ ಒದ್ದಾಡ್ತಿದ್ದವು, ಕೆಲವು ಸಾಯೋ ಸ್ಥಿತಿಯಲ್ಲಿದ್ದವು. ಆಗ ಔಷಧಿ ಕೊಟ್ಟು ಜೀನನ್ನ ಮತ್ತೆ ತೆರೆದರು. ಕೆಲವೇ ವಾರಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಬೇರೆ ಇಲಿಗಳ ಹಾಗೇ ಓಡಾಡೋಕೆ ಶುರು ಮಾಡಿದವು. ಮನುಷ್ಯರಲ್ಲಿ ಇನ್ನೂ ಅಷ್ಟು ಆಗಿಲ್ಲ.

ಗೆಳೆಯ ಈ ಸೆಮ್ ವಾಪಸ್ ಬಂದಿದ್ದಾನೆ. ಮಾತ್ರೆ ನಡೀತಿದೆ, ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಹೋಗ್ತಾನೆ, ಎರಡು ಬ್ಯಾಕ್‌ಲಾಗ್ ಇದೆ. ಈ ಲೇಖನ ಹಾಕುವ ಮೊದಲು ಅವನಿಗೆ ಓದೋಕೆ ಕೊಟ್ಟು ಒಪ್ಪಿಗೆ ಕೇಳಿದ್ವಿ. ಅಮೋನೈಟ್ ಭಾಗ ಉದ್ದ ಆಯ್ತು ಅಂದ, ಸ್ವಲ್ಪ ಕತ್ತರಿಸಿದ್ವಿ. ಆಮೇಲೆ ಡೇರೆಯ ಕೆಳಗಿನ ಆ ಎರಡನೇ ಚಿತ್ರದ ಫೋಟೋ ಕೇಳಿ ಫೋನಿಗೆ ಹಾಕಿಸ್ಕೊಂಡ. ಅಮ್ಮನಿಗೆ ಕಳಿಸಬೇಕಂತೆ.